ಎಣ್ಣೆ, ಕಿಣ್ವ, ಶಾಕಾಹಾರ: ಒಂದು ವಂಶವಾಹಿಯ ಇತಿಹಾಸ

ಮಾಂಸವಿಲ್ಲದೆ ಮನುಷ್ಯದೇಹವು ಆರೋಗ್ಯದಿಂದ ನಿಲ್ಲಬಲ್ಲುದೇ ಎಂಬ ಪ್ರಶ್ನೆ ಜೈನ ಸಮಾಜಕ್ಕೆ ಹೊಸದಲ್ಲ. ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಉಗ್ರಾದಿತ್ಯಾಚಾರ್ಯರು ನೆರೆದಿದ್ದ ವೈದ್ಯರ ಮುಂದೆ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಆಹಾರದಲ್ಲಿ ಮಾತ್ರವಲ್ಲ, ಔಷಧದಲ್ಲಿಯೂ ಮಾಂಸವು ಅನಾವಶ್ಯಕವೆಂದು ಪ್ರತಿಪಾದಿಸಿದರು. ಅವರ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ಆ ವಾದದ ದಾಖಲೆಯಾಗಿ ಉಳಿದಿದೆ. ಸಾವಿರದ ಇನ್ನೂರು ವರ್ಷಗಳ ತರುವಾಯ ಆ ಪ್ರಶ್ನೆಯೇ ಬೇರೆ ವೇಷದಲ್ಲಿ ಮರಳಿ ಬಂದಿದೆ. ಗರ್ಭಿಣಿಯಾದ ಮಗಳಿಗೆ ವೈದ್ಯರು ಮೀನೆಣ್ಣೆಯ ಗುಳಿಗೆಯನ್ನು ಬರೆದುಕೊಟ್ಟಾಗ ಏನು ಮಾಡಬೇಕೆಂದು ತಿಳಿಯದೆ ಕಳವಳಪಡುವ ಶ್ರಾವಕ ಕುಟುಂಬಗಳು ಇಂದು ವಿರಳವಲ್ಲ. ಇದರ ಮೇಲೆ, 2016ರ ಮಾರ್ಚ್ ತಿಂಗಳ ಕೊನೆಯಲ್ಲಿ ಪಾಶ್ಚಾತ್ಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಹಬ್ಬಿತು: ತಲೆತಲಾಂತರದ ಶಾಕಾಹಾರವು ಮನುಷ್ಯನ ವಂಶವಾಹಿಯನ್ನೇ ಬದಲಿಸಿ ಕ್ಯಾನ್ಸರ್ ಮತ್ತು ಹೃದ್ರೋಗಗಳ ಅಪಾಯವನ್ನು ಹೆಚ್ಚಿಸುತ್ತದೆ ಎಂದು. ಆ ಸುದ್ದಿಗೆ ಆಧಾರವಾದ ಸಂಶೋಧನೆಯಲ್ಲಿ ಪುಣೆಯ ಶಾಕಾಹಾರಿಗಳ ರಕ್ತದ ಮಾದರಿಗಳು ಇದ್ದುದರಿಂದ ವಿಷಯವು ನಮ್ಮ ಮನೆಬಾಗಿಲಿಗೇ ಬಂದಂತಾಯಿತು.

ಸಂಶೋಧನೆ ನಿಜವಾಗಿ ಹೇಳಿದ್ದೇನು ಎಂಬುದನ್ನು ಅರಿಯಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಕೊಬ್ಬು ಎಂದರೆ ದೇಹಕ್ಕೆ ಬೇಕಾದ ಉರುವಲು ಎಂದಷ್ಟೇ ವಿಜ್ಞಾನಿಗಳ ತಿಳಿವಳಿಕೆಯಾಗಿತ್ತು. ಪಿಷ್ಟ ಸಕ್ಕರೆಗಳಿಂದ ಶರೀರವು ತಾನೇ ಕೊಬ್ಬನ್ನು ತಯಾರಿಸಿಕೊಳ್ಳುವುದರಿಂದ ಆಹಾರದಲ್ಲಿ ಅದು ಇಲ್ಲದಿದ್ದರೂ ನಡೆದೀತೆಂದು ಅವರು ಎಣಿಸಿದ್ದರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು 1929ರಲ್ಲಿ ಈ ಎಣಿಕೆಯನ್ನು ತಲೆಕೆಳಗು ಮಾಡಿದರು. ಹಾಲಿನ ಪ್ರೋಟೀನು, ಸಕ್ಕರೆ, ಲವಣ ಹಾಗೂ ಜೀವಸತ್ತ್ವಗಳನ್ನು ಮಾತ್ರ ಕೊಟ್ಟು, ಕೊಬ್ಬಿನ ಲವಲೇಶವೂ ಸೇರದಂತೆ ಸಾಕಿದ ಇಲಿಗಳ ಬೆಳವಣಿಗೆ ನಿಂತಿತು. ಬಾಲದ ಮೇಲೆ ಹುರುಪೆ ಎದ್ದಿತು. ಮೂತ್ರಪಿಂಡಗಳು ಕೆಟ್ಟು ಇಲಿಗಳು ಸತ್ತವು. ಕೆಲವೇ ಹನಿ ಕೊಬ್ಬನ್ನು ಸೇರಿಸಿದೊಡನೆ ರೋಗ ವಾಸಿಯಾಗುತ್ತಿತ್ತು. ಮರುವರ್ಷದ ಲೇಖನದಲ್ಲಿ ಅವರು ಆ ಗುಣಕಾರಿ ಅಂಶವನ್ನು ಗುರುತಿಸಿದರು. ಅದು ಲಿನೋಲಿಯಿಕ್ ಆಮ್ಲ. ‘ಲೀನಮ್’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಅಗಸೆಯ ಹೆಸರು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಯಾಗುವ ಅದೇ ಅಗಸೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಈ ಜ್ಞಾನವು ಮೂಕಪ್ರಾಣಿಗಳ ಸಂಕಟದ ಮೂಲಕ ದೊರೆತದ್ದು. ಶಾಕಾಹಾರದ ಪರವಾಗಿ ನಾವು ಇಂದು ಉದ್ಧರಿಸುವ ಅಂಕಿ ಅಂಶಗಳಲ್ಲಿ ಬಹುಪಾಲಿನ ಹಿಂದೆ ಪಂಜರವೊಂದಿದೆ. ಅದೇ ಪ್ರಯೋಗಾಲಯದಲ್ಲಿಯೇ ಬೇರೊಂದು ಮಾರ್ಗವನ್ನು ಹಿಡಿದವನೊಬ್ಬನಿದ್ದನು. ವಿಲಿಯಂ ಬ್ರೌನ್ ಎಂಬ ಸಂಶೋಧಕನು ಆರು ತಿಂಗಳ ಕಾಲ ಕೊಬ್ಬನ್ನು ಹೆಚ್ಚುಕಡಿಮೆ ಪೂರ್ಣವಾಗಿ ತ್ಯಜಿಸಿದ ಆಹಾರವನ್ನು ಸ್ವತಃ ಸೇವಿಸಿ ತನ್ನ ದೇಹವನ್ನೇ ಪರೀಕ್ಷೆಗೆ ಒಡ್ಡಿದನು. ಅವನ ರಕ್ತದಲ್ಲಿ ಲಿನೋಲಿಯಿಕ್ ಆಮ್ಲವು ತಗ್ಗಿತಾದರೂ ಇಲಿಗಳಿಗಾದಂತಹ ರೋಗವೇನೂ ಕಾಣಿಸಲಿಲ್ಲ. ಬಹುದಿನದಿಂದ ಕಾಡುತ್ತಿದ್ದ ಅರೆತಲೆನೋವು ಮಾಯವಾಯಿತೆಂದು 1938ರ ವರದಿ ತಿಳಿಸುತ್ತದೆ. ಬೆಳೆದ ಮನುಷ್ಯನ ದೇಹದಲ್ಲಿ ಆರು ತಿಂಗಳಲ್ಲಿ ತೀರದಷ್ಟು ಸಂಗ್ರಹವಿರುತ್ತದೆಂಬುದು ಇದರ ಅರ್ಥ. ಶಿಶುಗಳ ವಿಷಯ ಹಾಗಲ್ಲ. ಆರಿಲ್ಡ್ ಹ್ಯಾನ್ಸೆನ್ ಮತ್ತು ಸಂಗಡಿಗರು 400ಕ್ಕೂ ಹೆಚ್ಚು ಶಿಶುಗಳನ್ನು ಪರಿಶೀಲಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಿನೋಲಿಯಿಕ್ ಆಮ್ಲ ತೀರ ಕಡಿಮೆಯಿದ್ದ ಹಾಲನ್ನು ಕುಡಿದ ಮಕ್ಕಳ ಚರ್ಮ ಒಣಗಿ ಸಿಪ್ಪೆ ಏಳುವುದು ಕಂಡುಬಂದಿತು. ಅಂಥ ಪ್ರಯೋಗಕ್ಕೆ ಇಂದು ಯಾವ ನೀತಿಸಮಿತಿಯೂ ಅನುಮತಿ ನೀಡಲಾರದು.

ಆಹಾರದಿಂದಲೇ ಬರಬೇಕಾದ ಕೊಬ್ಬಿನಾಮ್ಲಗಳು ಎರಡು. ಮೇಲೆ ಹೇಳಿದ ಲಿನೋಲಿಯಿಕ್ ಆಮ್ಲವು ಇಂದು ಎಲ್ಲರ ಬಾಯಲ್ಲಿರುವ ಒಮೆಗಾ-6 ಕುಟುಂಬಕ್ಕೆ ಮೂಲ. ಅದರ ಸೋದರನಂತಿರುವ ಆಲ್ಫಾ ಲಿನೋಲೆನಿಕ್ ಆಮ್ಲವು ಒಮೆಗಾ-3 ಕುಟುಂಬಕ್ಕೆ ಮೂಲ. ಎರಡನ್ನೂ ಸಸ್ಯಗಳು ತಯಾರಿಸಬಲ್ಲವು, ನಮ್ಮ ದೇಹ ತಯಾರಿಸಲಾರದು. ಆದರೆ ಮಿದುಳು, ಕಣ್ಣಿನ ಅಕ್ಷಿಪಟಲ, ರಕ್ತನಾಳ ಮೊದಲಾದವುಗಳಿಗೆ ಬೇಕಾದುದು ಈ ಮೂಲವಸ್ತುಗಳಷ್ಟೇ ಅಲ್ಲ. ಅವುಗಳಿಂದ ಹುಟ್ಟುವ ಇನ್ನೂ ಉದ್ದವಾದ, ಇನ್ನೂ ಹೆಚ್ಚು ದ್ವಿಬಂಧಗಳುಳ್ಳ ಆಮ್ಲಗಳು. ಒಮೆಗಾ-6ರಿಂದ ಅರಾಕಿಡೋನಿಕ್ ಆಮ್ಲ, ಒಮೆಗಾ-3ರಿಂದ ಇ.ಪಿ.ಎ. ಮತ್ತು ಡಿ.ಎಚ್.ಎ. ಎಂಬವು ಹುಟ್ಟುತ್ತವೆ. ಮಾಂಸ, ಮೀನು, ಮೊಟ್ಟೆಗಳಲ್ಲಿ ಇವು ಸಿದ್ಧರೂಪದಲ್ಲಿಯೇ ಇರುತ್ತವೆ. ಧಾನ್ಯ, ಬೇಳೆ, ಎಣ್ಣೆಕಾಳುಗಳನ್ನು ಉಣ್ಣುವವನ ದೇಹವಾದರೋ ಇವನ್ನು ತಾನೇ ಕೂಡಿಸಿಕೊಳ್ಳಬೇಕು.

ಈ ಕೆಲಸದ ಮೊದಲ ಹೆಜ್ಜೆಯನ್ನು ಇಡುವ ಕಿಣ್ವವೇ ಡೆಲ್ಟಾ-6 ಡಿಸ್ಯಾಚುರೇಸ್. ಕೊಬ್ಬಿನಾಮ್ಲವೆಂಬುದು ಇಂಗಾಲದ ಪರಮಾಣುಗಳ ಸರಪಳಿ. ಆ ಸರಪಳಿಯ ಆರನೆಯ ಇಂಗಾಲದ ಬಳಿ ಎರಡು ಜಲಜನಕಗಳನ್ನು ಕಳಚಿ ಅಲ್ಲಿ ದ್ವಿಬಂಧವೊಂದನ್ನು ಕೂಡಿಸುವುದು ಈ ಕಿಣ್ವದ ಕಾಯಕ. ಮುಂದೆ ಬೇರೆ ಕಿಣ್ವಗಳು ಸರಪಳಿಯನ್ನು ಉದ್ದಗೊಳಿಸುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ ಒಮೆಗಾ-6ಕ್ಕೂ ಒಮೆಗಾ-3ಕ್ಕೂ ಇರುವುದು ಇದೊಂದೇ ಕಿಣ್ವ. ಒಂದೇ ಗಾಣಕ್ಕೆ ಎರಡು ಮನೆಯವರು ಕಾಳು ತಂದಂತೆ. ಯಾರ ಮೂಟೆ ದೊಡ್ಡದೋ ಅವರ ಎಣ್ಣೆಯೇ ಹೆಚ್ಚು ಇಳಿಯುತ್ತದೆ.

ಬೆಕ್ಕಿನಲ್ಲಿ ಈ ಕಿಣ್ವದ ಕ್ರಿಯೆ ಇಲ್ಲವೆನ್ನುವಷ್ಟು ಕ್ಷೀಣವೆಂದು 1975ರಲ್ಲಿ ಇಂಗ್ಲೆಂಡಿನ ರಿವರ್ಸ್, ಸಿಂಕ್ಲೇರ್ ಮತ್ತು ಕ್ರಾಫರ್ಡ್ ಎಂಬವರು ತೋರಿಸಿಕೊಟ್ಟರು. ಬೇಟೆಯ ದೇಹದಲ್ಲಿಯೇ ಸಿದ್ಧವಸ್ತು ದೊರೆಯುವ ಪ್ರಾಣಿಗೆ ಅದರ ಅಗತ್ಯವಿಲ್ಲ. ಮನುಷ್ಯನಲ್ಲಿ ಅದು ಚೆನ್ನಾಗಿ ಕೆಲಸಮಾಡುತ್ತದೆ. ಈ ಹೋಲಿಕೆಯನ್ನು ಹಿಡಿದು ಮನುಷ್ಯನು ಪ್ರಕೃತಿಯಿಂದಲೇ ಶಾಕಾಹಾರಿಯೆಂದು ಘೋಷಿಸಿಬಿಡುವ ಆತುರ ನಮ್ಮ ಕೆಲವು ಉಪನ್ಯಾಸಕರಲ್ಲಿ ಕಂಡುಬರುತ್ತದೆ. ಅಷ್ಟು ದೂರ ಹೋಗಲಾಗದು. ಸಸ್ಯಾಹಾರದಿಂದ ಬಾಳುವ ಸಾಮರ್ಥ್ಯವು ನಮ್ಮ ದೇಹದಲ್ಲಿ ಇದೆಯೆಂಬುದಷ್ಟೇ ಇದರಿಂದ ಸಿದ್ಧವಾಗುವುದು.

ಒಮೆಗಾ-3ರ ಅಗತ್ಯವು ಮನುಷ್ಯರಲ್ಲಿ ಸ್ಪಷ್ಟವಾದದ್ದು ಬಹಳ ತಡವಾಗಿ. ಹೊಟ್ಟೆಗೆ ಗುಂಡೇಟು ತಗಲಿ ಕರುಳಿನ ಬಹುಭಾಗವನ್ನು ಕಳೆದುಕೊಂಡ ಆರು ವರ್ಷದ ಬಾಲಿಕೆಯೊಬ್ಬಳಿಗೆ ಅಮೆರಿಕದಲ್ಲಿ ರಕ್ತನಾಳದ ಮೂಲಕವೇ ಆಹಾರ ಕೊಡಬೇಕಾಯಿತು. ಆ ದ್ರವದಲ್ಲಿದ್ದ ಕೊಬ್ಬು ಕುಸುಬೆ ಎಣ್ಣೆಯದು. ಕೆಲವು ತಿಂಗಳಲ್ಲಿ ಆಕೆಗೆ ಜೋಮು ಹಿಡಿಯತೊಡಗಿತು, ನಡೆಯಲಾಗದಂತಾಯಿತು, ದೃಷ್ಟಿ ಮಸುಕಾಯಿತು. ಕುಸುಬೆಯ ಬದಲು ಸೋಯಾ ಎಣ್ಣೆಯ ದ್ರವವನ್ನು ಕೊಟ್ಟಮೇಲೆ ಈ ತೊಂದರೆಗಳು ನೀಗಿದವು. ಕುಸುಬೆಯಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಸೋಯಾದಲ್ಲಿ ಅದು ಶೇಕಡಾ 7ರ ಆಸುಪಾಸಿನಲ್ಲಿದೆ. ಈ ಪ್ರಕರಣವನ್ನು 1982ರಲ್ಲಿ ವರದಿ ಮಾಡಿದವರು ರಾಲ್ಫ್ ಹೋಲ್ಮನ್ ಮತ್ತು ಸಂಗಡಿಗರು. ಬಾಲಿಕೆಯನ್ನು ಕಾಪಾಡಿದ್ದು ಮೀನಿನ ಎಣ್ಣೆಯಲ್ಲ, ಕಾಳಿನ ಎಣ್ಣೆ ಎಂಬುದನ್ನು ನಮ್ಮ ಓದುಗರು ಗಮನಿಸಿರಬಹುದು.

ಇನ್ನು ವಂಶವಾಹಿಯ ವಿಚಾರ. ಮಾನವನ ಡೆಲ್ಟಾ-6 ಕಿಣ್ವದ ವಂಶವಾಹಿಯನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಚೋ, ನಕಮುರ ಮತ್ತು ಕ್ಲಾರ್ಕ್ ಎಂಬವರು 1999ರಲ್ಲಿ ಬೇರ್ಪಡಿಸಿ ವಿವರಿಸಿದರು. ಎಫ್.ಎ.ಡಿ.ಎಸ್.-2 ಎಂಬ ಹೆಸರಿನ ಈ ವಂಶವಾಹಿಯು ಹನ್ನೊಂದನೆಯ ವರ್ಣತಂತುವಿನಲ್ಲಿ ತನ್ನ ಇಬ್ಬರು ದಾಯಾದಿಗಳ ಜೊತೆಯಲ್ಲಿ ನೆಲೆಸಿದೆ. ಅದು ರೂಪಿಸುವ ಕಿಣ್ವವು 444 ಅಮೈನೋ ಆಮ್ಲಗಳ ಮಾಲೆ. ಆಹಾರದಲ್ಲಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಧಾರಾಳವಾಗಿ ದೊರೆತರೆ ಈ ವಂಶವಾಹಿಯು ತನ್ನ ಕೆಲಸವನ್ನು ತಗ್ಗಿಸಿಕೊಳ್ಳುತ್ತದೆ, ದೊರೆಯದಿದ್ದರೆ ಏರಿಸಿಕೊಳ್ಳುತ್ತದೆ.

ಈ ವಂಶವಾಹಿಯ ನಿಯಂತ್ರಣ ಭಾಗದಲ್ಲಿ 22 ಅಕ್ಷರಗಳಷ್ಟು ಉದ್ದದ ಒಂದು ತುಣುಕು ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ತಂದೆಯಿಂದಲೂ ತಾಯಿಯಿಂದಲೂ ಆ ತುಣುಕನ್ನು ಪಡೆದವರಲ್ಲಿ ಕಿಣ್ವದ ಕೆಲಸ ಚುರುಕು. ಅವರ ರಕ್ತದಲ್ಲಿ ಅರಾಕಿಡೋನಿಕ್ ಆಮ್ಲದ ಅಂಶವು ಅಧಿಕ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೊತ್ತಪಲ್ಲಿ, ಬ್ರೆನ್ನಾ ಮೊದಲಾದವರು 2016ರಲ್ಲಿ ಪ್ರಕಟಿಸಿದ್ದು ಇದರ ವಿಷಯವನ್ನೇ. ಪುಣೆಯ, ಬಹುಮಟ್ಟಿಗೆ ಶಾಕಾಹಾರಿಗಳಾದ 234 ಮಂದಿಯಲ್ಲಿ ಶೇಕಡಾ 68ರಷ್ಟು ಜನರಿಗೆ ಆ ತುಣುಕು ಇಬ್ಬರು ಪಾಲಕರಿಂದಲೂ ಬಂದಿತ್ತು. ಹೋಲಿಕೆಗೆಂದು ತೆಗೆದುಕೊಂಡ ಅಮೆರಿಕದ ಕನ್ಸಾಸ್ ಪ್ರಾಂತದ 311 ಮಂದಿಯಲ್ಲಿ ಆ ಪ್ರಮಾಣವು ಶೇಕಡಾ 18 ಮಾತ್ರ. ಇದಕ್ಕೂ ಒಂದು ವರ್ಷ ಮೊದಲು, 2015ರಲ್ಲಿ, ಮೀನು ಮತ್ತು ಸೀಲ್ ಪ್ರಾಣಿಯ ಕೊಬ್ಬನ್ನೇ ನೆಚ್ಚಿ ಬಾಳಿದ ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರಲ್ಲಿ ಇದೇ ವಂಶವಾಹಿಗಳ ಗುಂಪು ಇದಕ್ಕೆ ತದ್ವಿರುದ್ಧವಾದ ದಿಕ್ಕಿನಲ್ಲಿ ಆಯ್ಕೆಗೊಂಡಿರುವುದು ಪತ್ತೆಯಾಗಿತ್ತು. ಸಿದ್ಧವಸ್ತು ದೊರೆಯುವಲ್ಲಿ ಮಂದ ಕಿಣ್ವವೇ ಸಾಕಾಯಿತು. ಯೂರೋಪಿನ ಪುರಾತನ ಅಸ್ಥಿಗಳ ಅಧ್ಯಯನವಾದರೂ ಇದನ್ನೇ ಪುಷ್ಟೀಕರಿಸಿತು: ಅಲ್ಲಿ ಬೇಸಾಯ ಬಂದ ಮೇಲೆ ಚುರುಕಾದ ರೂಪವೇ ಹೆಚ್ಚುತ್ತ ಬಂದಿತೆಂದು 2017ರಲ್ಲಿ ಪ್ರಕಟವಾದ ಲೇಖನಗಳು ತೋರಿಸಿದವು.

ಪತ್ರಿಕೆಗಳು ಇಲ್ಲಿಯೇ ಎಡವಿದವು. ಶಾಕಾಹಾರವನ್ನು ಉಂಡದ್ದರಿಂದ ಯಾರ ವಂಶವಾಹಿಯೂ ಬದಲಾಗಲಿಲ್ಲ. ಆ ತುಣುಕು ಮೊದಲೇ ಜನರಲ್ಲಿ ಇತ್ತು. ಸಸ್ಯಮೂಲದ ಆಹಾರವೇ ಪ್ರಧಾನವಾಗಿದ್ದ ನಾಡುಗಳಲ್ಲಿ ಅದನ್ನು ಹೊಂದಿದವರ ಮಕ್ಕಳು ಸ್ವಲ್ಪ ಹೆಚ್ಚಾಗಿ ಬದುಕಿ ಉಳಿದರು. ತಲೆಮಾರುಗಳು ಕಳೆದಂತೆ ಅವರ ಸಂತತಿಯೇ ಬಹುಸಂಖ್ಯೆಯಾಯಿತು. ಆಯ್ಕೆ ಎಂಬ ಸೌಮ್ಯ ಶಬ್ದದ ಹಿಂದೆ ಬದುಕಿ ಉಳಿಯದ ಶಿಶುಗಳ ಲೆಕ್ಕವಿದೆಯೆಂಬುದನ್ನೂ ನೆನೆಯಬೇಕು. ಕ್ಯಾನ್ಸರಿನ ಮಾತಾದರೋ, ಅರಾಕಿಡೋನಿಕ್ ಆಮ್ಲದಿಂದ ಉರಿಯೂತವನ್ನು ಪ್ರಚೋದಿಸುವ ದ್ರವ್ಯಗಳು ಹುಟ್ಟುತ್ತವೆಂಬ, ಬಹುಕಾಲದ ಉರಿಯೂತವು ಹೃದ್ರೋಗ ಮತ್ತು ಕೆಲವು ಅರ್ಬುದಗಳಿಗೆ ಪೋಷಕವೆಂಬ ಊಹೆಯಿಂದ ಬಂದದ್ದು. ಪುಣೆಯ ಆ ಜನರಲ್ಲಿ ಯಾರಿಗೆ ರೋಗ ಬಂದಿತೆಂದು ಸಂಶೋಧಕರು ಎಣಿಸಲಿಲ್ಲ. ಅದು ಅವರ ಅಧ್ಯಯನದ ವಿಷಯವೇ ಆಗಿರಲಿಲ್ಲ.

ಎದುರು ದಿಕ್ಕಿನ ಭ್ರಮೆಯೂ ನಮ್ಮಲ್ಲಿ ಹರಡದಿರಲಿ. ನಮ್ಮ ಹಿರಿಯರ ಅಹಿಂಸಾವ್ರತವೇ ನಮ್ಮ ರಕ್ತದಲ್ಲಿ ಅಚ್ಚೊತ್ತಿದೆಯೆಂದು ಹೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳಬಹುದು, ಆದರೆ ಅಂಕಿಗಳು ಒಪ್ಪುವುದಿಲ್ಲ. ಜಗತ್ತಿನ ನಾನಾ ಜನಾಂಗಗಳ ವಂಶವಾಹಿಗಳನ್ನು ಸಂಗ್ರಹಿಸಿರುವ ದೊಡ್ಡ ಯೋಜನೆಯೊಂದರ ಮಾಹಿತಿಯಲ್ಲಿ ದಕ್ಷಿಣ ಏಷ್ಯಾದವರಿಗೆ ಸಿಕ್ಕಿದ ಪ್ರಮಾಣ ಶೇಕಡಾ 70; ಆ ಮಾದರಿಯಲ್ಲಿ ಗುಜರಾತಿಗಳೂ ತೆಲುಗರೂ ಇರುವಂತೆ ಲಾಹೋರಿನ ಪಂಜಾಬಿಗಳೂ ಬಾಂಗ್ಲಾದೇಶದ ಬಂಗಾಳಿಗಳೂ ಶ್ರೀಲಂಕೆಯ ತಮಿಳರೂ ಇದ್ದಾರೆ. ಇವರಲ್ಲಿ ಅನೇಕರು ಮೀನು ಮಾಂಸಗಳನ್ನು ವರ್ಜಿಸಿದವರಲ್ಲ. ಆಫ್ರಿಕದವರಲ್ಲಿಯೂ ಶೇಕಡಾ 53ರಷ್ಟು ಇದೆ. ಇದು ವ್ರತದ ಇತಿಹಾಸವಲ್ಲ, ಧಾನ್ಯದ ಇತಿಹಾಸ; ಜಾತಿ ಮತಗಳು ಹುಟ್ಟುವ ಮೊದಲೇ ಆರಂಭವಾದದ್ದು. ವಂಶವಾಹಿಯೇ ನಮ್ಮ ನಾಮಕರ್ಮವೆಂದು ಸಮೀಕರಿಸುವ ರೂಢಿಯೂ ಇತ್ತೀಚೆಗೆ ಕಾಣುತ್ತಿದೆ. ಕರ್ಮಬಂಧವು ಪ್ರತಿಯೊಂದು ಜೀವದ ಸ್ವಂತ ಭಾವ ಮತ್ತು ಕ್ರಿಯೆಗಳಿಂದ ಆದುದು. ವಂಶವಾಹಿಯು ತಾಯಿತಂದೆಯರಿಂದ ಪಡೆದುದು. ಇವೆರಡನ್ನು ಒಂದಾಗಿಸಿದರೆ ಸಿದ್ಧಾಂತಕ್ಕೂ ನ್ಯಾಯವಿಲ್ಲ, ವಿಜ್ಞಾನಕ್ಕೂ ನ್ಯಾಯವಿಲ್ಲ. ಶ್ರಾವಕನು ಮಾಂಸವನ್ನು ಬಿಡುವುದು ಅದು ತನ್ನ ದೇಹಕ್ಕೆ ಒಗ್ಗದೆಂದಲ್ಲ. ಒಗ್ಗುತ್ತಿದ್ದರೂ ಬಿಡುತ್ತಾನೆ.

ಆದರೂ ಆ ಸಂಶೋಧನೆಯಿಂದ ನಾವು ಕಲಿಯಬೇಕಾದುದು ಒಂದಿದೆ, ಅದು ಎಣ್ಣೆಯ ಸಂಗತಿ. ಚುರುಕಾದ ಕಿಣ್ವವನ್ನು ಪಡೆದ ನಮ್ಮ ಪೂರ್ವಜರು ಉಣ್ಣುತ್ತಿದ್ದ ಎಣ್ಣೆ ಅತ್ಯಲ್ಪ. ದೊರೆತ ಚೂರುಪಾರು ಲಿನೋಲಿಯಿಕ್ ಆಮ್ಲದಿಂದ ಬೇಕಾದಷ್ಟನ್ನು ಹಿಂಡಿ ತೆಗೆಯಲೆಂದು ನೆಲೆಗೊಂಡ ಆ ಕಿಣ್ವದ ಮುಂದೆ ಈಗ ಡಬ್ಬಿಗಟ್ಟಲೆ ಎಣ್ಣೆಯನ್ನು ಸುರಿಯುತ್ತಿದ್ದೇವೆ. ಇಂಥ ವಂಶವಾಹಿಯುಳ್ಳವರು ಒಮೆಗಾ-6 ಅತ್ಯಧಿಕವಾಗಿರುವ ಎಣ್ಣೆಗಳನ್ನು ಮಿತಗೊಳಿಸುವುದು ಲೇಸೆಂಬುದೇ ಸಂಶೋಧಕರು ಕೊಟ್ಟ ಸಲಹೆ.

ಕರ್ನಾಟಕದ ಅಡಿಗೆಮನೆಯಲ್ಲಿ ಈ ಬದಲಾವಣೆ ನಮ್ಮ ಕಣ್ಣೆದುರೇ ಆದದ್ದು. ಭಾರತದಲ್ಲಿ ಎಣ್ಣೆಬೆಳೆಯಾಗಿ ಸೂರ್ಯಕಾಂತಿಯ ಬೇಸಾಯ ಮೊದಲಾದದ್ದು 1960ರ ದಶಕದ ಅಂತ್ಯದಲ್ಲಿ, ರಷ್ಯಾದಿಂದ ತರಿಸಿದ ತಳಿಗಳಿಂದ. ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿಯಾದ ಬಿ.ಎಸ್.ಎಚ್.-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಿಡುಗಡೆಯಾಯಿತು. ಅಲ್ಲಿಂದೀಚೆಗೆ ಶುದ್ಧೀಕರಿಸಿದ ಸೂರ್ಯಕಾಂತಿ ಎಣ್ಣೆಯು ಮನೆಗಳನ್ನೂ ಮಠ ಬಸದಿಗಳ ಭೋಜನಶಾಲೆಗಳನ್ನೂ ಹೊಕ್ಕಿತು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-6. ಒಮೆಗಾ-3 ಹೆಸರಿಗೂ ಇಲ್ಲ. ಕುಸುಬೆಯಲ್ಲಿ ಒಮೆಗಾ-6 ಇನ್ನೂ ಹೆಚ್ಚು. ಆದರೆ ವಿಜಾಪುರ, ಬಾಗಲಕೋಟೆ ಕಡೆಯ ಹಿರಿಯರ ಊಟದಲ್ಲಿ ಕುಸುಬೆ ಎಣ್ಣೆಯ ಜೊತೆಗೆ ರೊಟ್ಟಿಯ ಪಕ್ಕದಲ್ಲಿ ಅಗಸೆ ಪುಡಿಯೂ ಇರುತ್ತಿತ್ತು. ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3. ಗಾಣಕ್ಕೆ ಎರಡೂ ಮನೆಯ ಮೂಟೆಗಳು ಬರುತ್ತಿದ್ದವು. ಎಣ್ಣೆ ಬದಲಾದುದಕ್ಕಿಂತ, ಪಕ್ಕದ ಪುಡಿ ಮರೆಯಾದುದೇ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಒಮೆಗಾ-6 ವಿಷವೆಂದು ಇದರರ್ಥವಲ್ಲ. ಬೆಣ್ಣೆ ತುಪ್ಪಗಳ ಸ್ಥಾನದಲ್ಲಿ ಅದನ್ನು ಬಳಸಿದಾಗ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆಂಬುದು ದೃಢಪಟ್ಟ ವಿಷಯ. ಒಂದೇ ಎಣ್ಣೆಗೆ ಕಟ್ಟುಬೀಳದೆ ಬದಲಾಯಿಸಿ ಬಳಸಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತ ಬಂದಿದೆ. ಜಾತ್ರೆ, ಪಂಚಕಲ್ಯಾಣಗಳ ಸಂದರ್ಭದಲ್ಲಿ ಸಾವಿರಾರು ಜನರಿಗೆ ಅಡಿಗೆ ಮಾಡಿಸುವ ನಮ್ಮ ಟ್ರಸ್ಟುಗಳು ಒಂದೇ ಬಗೆಯ ಎಣ್ಣೆಯ ಡಬ್ಬಗಳನ್ನು ತರಿಸುವುದನ್ನು ಬಿಟ್ಟು, ಕಡಲೆಕಾಯಿ ಎಣ್ಣೆಯನ್ನೋ ಸಾಸಿವೆ ಅಥವಾ ಸೋಯಾ ಎಣ್ಣೆಯನ್ನೋ ಸೇರಿಸಿ, ಎಲೆಯ ತುದಿಗೆ ಒಂದು ಚಮಚ ಅಗಸೆ ಚಟ್ನಿಪುಡಿ ಬಡಿಸಿದರೆ ಖರ್ಚೇನೂ ಹೆಚ್ಚದು. ಅಗಸೆಯನ್ನು ಇಡಿಯಾಗಿ ನುಂಗಿದರೆ ಹಾಗೆಯೇ ಹೊರಹೋಗುತ್ತದೆ, ಕುಟ್ಟಿಯೇ ಉಣ್ಣಬೇಕು. ಅದರ ಎಣ್ಣೆಯು ಕರಿಯುವುದಕ್ಕೆ ತಕ್ಕುದಲ್ಲ.

ಮೊದಲು ಹೇಳಿದ ಮೀನೆಣ್ಣೆಯ ಗುಳಿಗೆಗೆ ಬರೋಣ. ಶಾಕಾಹಾರಿಗಳ ರಕ್ತದಲ್ಲಿಯೂ ತಾಯಂದಿರ ಎದೆಹಾಲಿನಲ್ಲಿಯೂ ಡಿ.ಎಚ್.ಎ. ಕಡಿಮೆಯೆಂಬುದು ಸತ್ಯ; ಮುಚ್ಚಿಡುವ ಅಗತ್ಯವಿಲ್ಲ. ಅಗಸೆಯ ಒಮೆಗಾ-3ರಲ್ಲಿ ಡಿ.ಎಚ್.ಎ. ಆಗಿ ಪರಿವರ್ತಿತವಾಗುವ ಪಾಲು ಬಹಳ ಚಿಕ್ಕದು. ಹರೆಯದ ಸ್ತ್ರೀಯರಲ್ಲಿ ಈ ಪಾಲು ಪುರುಷರಿಗಿಂತ ಗಣನೀಯವಾಗಿ ಹೆಚ್ಚೆಂದು ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ತಾಯ್ತನಕ್ಕೆ ಪ್ರಕೃತಿ ಮಾಡಿದ ಏರ್ಪಾಡಿದು ಎನ್ನಬಹುದು. ಸಮತೋಲನದ ಶಾಕಾಹಾರವನ್ನುಂಡ ತಾಯಂದಿರ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ನಮ್ಮವರಲ್ಲಿ ಇದಕ್ಕಿಂತ ಹೆಚ್ಚಿನ ಗಮನ ಬೇಡುವ ಕೊರತೆ ಬಿ-12 ಜೀವಸತ್ತ್ವದ್ದು. ಹಾಲನ್ನೂ ಬಿಟ್ಟವರು ಆ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಲೇಬೇಕು.

ಗರ್ಭಿಣಿಗೆ ಡಿ.ಎಚ್.ಎ. ಬೇಕೇಬೇಕೆಂದು ವೈದ್ಯರು ಹೇಳಿದಲ್ಲಿ, ಮೀನಿಗೂ ಅದು ಬಂದದ್ದು ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯಿಂದಲೇ ಎಂಬುದನ್ನು ಅವರಿಗೆ ನೆನಪಿಸಬಹುದು. ಆ ಪಾಚಿಯನ್ನು ತೊಟ್ಟಿಗಳಲ್ಲಿ ಬೆಳೆಸಿ ಎಣ್ಣೆ ತೆಗೆಯುವ ಕ್ರಮ ರೂಢಿಗೆ ಬಂದಿದೆ; ಶಿಶುಗಳ ಹಾಲಿನ ಪುಡಿಯಲ್ಲಿ ಅದನ್ನು ಬೆರೆಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರಲ್ಲಿ ಸಮ್ಮತಿಸಿತು. ನಮ್ಮ ದೇಶದ ಔಷಧದ ಅಂಗಡಿಗಳಲ್ಲಿಯೂ ಈಗ ಅದು ದೊರೆಯುತ್ತದೆ. ಪಾಚಿಯನ್ನು ನಮ್ಮ ಶಾಸ್ತ್ರಕಾರರು ಅನಂತಕಾಯದಲ್ಲಿ ಎಣಿಸಿರುವುದರಿಂದ ವ್ರತಿಕರಿಗೆ ಇದೂ ನಿರ್ದೋಷವಲ್ಲ. ಏಕೇಂದ್ರಿಯ ಜೀವಗಳ ಹಿಂಸೆಗೂ ಪಂಚೇಂದ್ರಿಯವಾದ ಮೀನಿನ ಹಿಂಸೆಗೂ ಇರುವ ಅಂತರ ಎಲ್ಲರೂ ಬಲ್ಲದ್ದೇ. ಔಷಧವಾಗಿ, ಕೆಲವು ತಿಂಗಳ ಮಟ್ಟಿಗೆ, ಗೃಹಸ್ಥರಾದ ಸ್ತ್ರೀಯರು ಇದನ್ನು ಸ್ವೀಕರಿಸಬಹುದೇ ಎಂಬುದನ್ನು ಮುನಿಗಳೂ ಭಟ್ಟಾರಕರೂ ವಿಚಾರಿಸಿ ತಿಳಿಸಿದರೆ ಅನೇಕ ಕುಟುಂಬಗಳಿಗೆ ನೆಮ್ಮದಿಯಾದೀತು. ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಎಣ್ಣೆ ಪಾಚಿಯದಾದರೂ ಗುಳಿಗೆಯ ಮೆತ್ತನೆಯ ಹೊದಿಕೆ ಜೆಲಟಿನ್ ಆಗಿರಬಹುದು. ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಬೇಯಿಸಿ ತೆಗೆದ ಅಂಟು. ಸಸ್ಯಮೂಲದ ಹೊದಿಕೆಯ ಗುಳಿಗೆಗಳೂ ಇವೆ; ಚೀಟಿಯನ್ನು ಓದಿ, ಕೇಳಿ ಪಡೆಯಬೇಕು.